ಐಲೀನ್ ಗ್ರೇ ಮಾಡಿದ ಮೇಜಿಗೆ ಯಾಕೆ ವಯಸ್ಸಾಗಿಲ್ಲ?

ಹಾಸಿಗೆಯಲ್ಲಿ ಕೂತು ತಿಂಡಿ ತಿಂದರೆ ಪುಡಿ ಉದುರುತ್ತದೆ. ಇಡ್ಲಿಯಾದರೆ ಪರವಾಗಿಲ್ಲ, ರಸ್ಕ್ ಅಥವಾ ಬ್ರೆಡ್ ಟೋಸ್ಟ್ ಆದರೆ ಹೊದಿಕೆಯ ಮಡಿಕೆಗಳಲ್ಲೆಲ್ಲ ಸೇರಿಕೊಂಡು ರಾತ್ರಿ ಮಲಗಿದಾಗ ಬೆನ್ನಿಗೆ ಚುಚ್ಚುತ್ತದೆ. ಸುಮಾರು ನೂರು ವರ್ಷಗಳ ಹಿಂದೆ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಒಂದು ಮನೆ ಕಟ್ಟಿಸುತ್ತಿದ್ದ ಐಲೀನ್ ಗ್ರೇ ಎಂಬ ಐರಿಷ್ ಕಲಾವಿದೆ ಈ ಚಿಕ್ಕ ಕಿರಿಕಿರಿಯನ್ನು ಪೂರ್ತಿ ಗಂಭೀರವಾಗಿ ತೆಗೆದುಕೊಂಡರು. ಅವರ ಅಕ್ಕನಿಗೆ ಬೆಳಗಿನ ತಿಂಡಿಯನ್ನು ಹಾಸಿಗೆಯಲ್ಲೇ ತಿನ್ನುವ ಅಭ್ಯಾಸವಿತ್ತಂತೆ. ಅದಕ್ಕಾಗಿ ಗ್ರೇ ಒಂದು ಪುಟ್ಟ ಮೇಜು ಮಾಡಿದರು. ಆ ಮೇಜು ಇವತ್ತು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಂಗ್ರಹದಲ್ಲಿದೆ. ಈಗಲೂ ಕಾರ್ಖಾನೆಯಲ್ಲಿ ತಯಾರಾಗುತ್ತಿದೆ. ಅದರ ನಕಲುಗಳು ಎಷ್ಟು ದೇಶಗಳಲ್ಲಿ, ಎಷ್ಟು ಮನೆಗಳಲ್ಲಿ ಇವೆಯೋ ಲೆಕ್ಕ ಇಟ್ಟವರಿಲ್ಲ.

ಮೊದಲು ಆ ಮೇಜನ್ನೇ ಹತ್ತಿರದಿಂದ ನೋಡೋಣ. ಹೊಳೆಯುವ ಸ್ಟೀಲ್ ಪೈಪಿನ ಎರಡು ಬಳೆಗಳು. ಒಂದು ಬಳೆ ನೆಲದ ಮೇಲೆ ಮಲಗಿದೆ. ಇನ್ನೊಂದು ಮೇಲಿದೆ, ಅದರೊಳಗೆ ದುಂಡಗಿನ ಗಾಜು ಕೂತಿದೆ. ಅಗಲ ಸುಮಾರು 51 ಸೆಂಟಿಮೀಟರ್, ದೊಡ್ಡ ತಟ್ಟೆಯೊಂದು, ಪಕ್ಕದಲ್ಲೊಂದು ಲೋಟ ಹಿಡಿಸುವಷ್ಟು. ಎರಡು ಬಳೆಗಳನ್ನು ಹಿಡಿದಿರುವ ಕಂಬ ನಡುವೆ ಇಲ್ಲ, ನಾಲ್ಕು ಮೂಲೆಗೂ ಇಲ್ಲ. ಒಂದೇ ಪಕ್ಕದಲ್ಲಿದೆ. ಆ ಕಂಬದಲ್ಲಿ ಸಾಲಾಗಿ ತೂತುಗಳಿವೆ. ಸಣ್ಣ ಸರಪಣಿಗೆ ಕಟ್ಟಿದ ಒಂದು ಪಿನ್ನನ್ನು ತೆಗೆದು, ಮೇಲಿನ ಬಳೆಯನ್ನು ಎತ್ತಿ ಅಥವಾ ಇಳಿಸಿ, ಬೇಕಾದ ತೂತಿಗೆ ಸಿಕ್ಕಿಸಿದರೆ ಮುಗಿಯಿತು. ಸುಮಾರು 64 ಸೆಂಟಿಮೀಟರಿನಿಂದ 102 ಸೆಂಟಿಮೀಟರಿನವರೆಗೆ ಎತ್ತರ ಬದಲಾಗುತ್ತದೆ.

ಕಂಬ ಪಕ್ಕದಲ್ಲಿರುವುದೇ ಇಲ್ಲಿನ ಮುಖ್ಯ ಸಂಗತಿ. ಮಂಚದ ಪಕ್ಕ ಸಾಮಾನ್ಯ ಸ್ಟೂಲು ಇಟ್ಟರೆ ಅದರ ಕಾಲುಗಳು ಮಂಚಕ್ಕೆ ತಾಗಿ ನಿಲ್ಲುತ್ತವೆ, ತಟ್ಟೆ ಒಂದು ಮೊಳ ದೂರವೇ ಉಳಿಯುತ್ತದೆ. ತಿನ್ನುವವರು ಸೊಂಟ ತಿರುಗಿಸಿ ಬಾಗಬೇಕು. ಗ್ರೇ ಅವರ ಮೇಜಿನಲ್ಲಾದರೆ ಕೆಳಗಿನ ಬಳೆ ಮಂಚದ ಅಡಿಗೆ ಜಾರುತ್ತದೆ, ಮೇಲಿನ ಗಾಜು ಮಲಗಿದವರ ಎದೆಯ ಮುಂದಕ್ಕೆ ಬರುತ್ತದೆ. ಪುಡಿ ಉದುರಿದರೂ ಗಾಜಿನ ಮೇಲೆ. ಒಂದೇ ಪಕ್ಕ ಕಂಬವಿದ್ದರೂ ಮೇಜು ಯಾಕೆ ಮಗುಚುವುದಿಲ್ಲ ಎಂದು ಕೇಳಬಹುದು. ಉತ್ತರ ಕೆಳಗಿನ ಬಳೆಯಲ್ಲಿದೆ. ಗಾಜು ಎಲ್ಲಿದೆಯೋ ಅದರ ನೇರ ಕೆಳಗೇ ಬಳೆಯೂ ಹರಡಿಕೊಂಡಿದೆ. ಗಾಜಿನ ಮೇಲೆ ಇಟ್ಟ ಭಾರದಿಂದ ನೆಟ್ಟಗೆ ಒಂದು ದಾರ ಇಳಿಬಿಟ್ಟರೆ ಅದು ಬಳೆಯ ಒಳಗೇ ಬೀಳುತ್ತದೆ. ಭಾರದ ಗೆರೆ ತಳದ ಒಳಗೆ ಬೀಳುವವರೆಗೂ ವಸ್ತು ಮಗುಚದು.

ಈ ಲೆಕ್ಕ ನನಗೆ ಕೈಯಿಂದಲೇ ಅರ್ಥವಾಗಿದ್ದು. ಅಮ್ಮನಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು ಮಂಚ ಬಿಟ್ಟು ಏಳುವ ಹಾಗಿರಲಿಲ್ಲ. ಆಸ್ಪತ್ರೆಯಲ್ಲಿ ಮಂಚದ ಮೇಲಕ್ಕೆ ತಳ್ಳುವ ಗಾಲಿಮೇಜು ಇತ್ತು, ಮನೆಗೆ ಬಂದ ಮೇಲೆ ಇರಲಿಲ್ಲ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನುವಾಗ ಸಾರು ಚೆಲ್ಲುತ್ತಿತ್ತು, ಹಾಸಿಗೆ ಬಟ್ಟೆ ದಿನಕ್ಕೆರಡು ಸಲ ಬದಲಾಗುತ್ತಿತ್ತು. ನಾನು ಗ್ರೇ ಮೇಜಿನ ಚಿತ್ರ ನೋಡಿ ಕಾಗದದ ಮೇಲೆ ಅಳತೆ ಬರೆದು ವೆಲ್ಡಿಂಗ್ ಅಂಗಡಿಗೆ ಒಯ್ದೆ. ಜಾಗ ಉಳಿಸೋಣವೆಂದು ಕೆಳಗಿನ ಬಳೆಯನ್ನು ಚಿಕ್ಕದಾಗಿ ಬರೆದಿದ್ದೆ. ಮನೆಗೆ ತಂದು ಅಂಚಿನಲ್ಲಿ ಒಂದು ತುಂಬಿದ ಚೊಂಬು ಇಟ್ಟ ಕೂಡಲೇ ಮೇಜು ಮುಂದಕ್ಕೆ ವಾಲಿತು. ವೆಲ್ಡರ್ ಅದನ್ನು ಒಂದೇ ನೋಟದಲ್ಲಿ ಹೇಳಿದರು: "ಮೇಲೆ ಎಷ್ಟಗಲವೋ ಕೆಳಗೂ ಅಷ್ಟಗಲ ಬೇಕು ಸಾರ್." ಮಾರನೇ ದಿನ ಬಳೆ ಬದಲಾಯಿತು. ಅಮ್ಮ ಬಾಗದೆ, ಚೆಲ್ಲದೆ ಊಟ ಮಾಡಿದರು. ಗ್ರೇ ಅವರ ಕೆಲಸದ ಬಗ್ಗೆ ನಾನು ಇಷ್ಟು ಮನಸ್ಸಿಟ್ಟು ಓದತೊಡಗಿದ್ದು ಆ ಊಟದಿಂದಲೇ.

ಈಗ ಸ್ವಲ್ಪ ಹಿನ್ನೆಲೆ. ಗ್ರೇ ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನ ವೆಕ್ಸ್‌ಫರ್ಡ್ ಕೌಂಟಿಯ ಎನಿಸ್ಕಾರ್ಥಿ ಊರಿನ ಹತ್ತಿರ, ಅನುಕೂಲಸ್ಥ ಮನೆತನದಲ್ಲಿ. ಲಂಡನ್ನಿನ ಸ್ಲೇಡ್ ಶಾಲೆಯಲ್ಲಿ ಚಿತ್ರಕಲೆ ಕಲಿತರು. ಆಮೇಲೆ ಪ್ಯಾರಿಸಿಗೆ ಹೋದವರು 1907ರಲ್ಲಿ ಬೊನಾಪಾರ್ಟ್ ಬೀದಿಯ 21ನೇ ನಂಬರಿನ ಮನೆ ಹಿಡಿದರು. 1976ರ ಅಕ್ಟೋಬರ್ 31ರಂದು, 98ನೇ ವಯಸ್ಸಿನಲ್ಲಿ, ಪ್ಯಾರಿಸಿನಲ್ಲೇ ತೀರಿಕೊಳ್ಳುವವರೆಗೂ ಅದೇ ಅವರ ವಿಳಾಸ. ವಾಸ್ತುಶಿಲ್ಪದ ಪದವಿ ಅವರಿಗಿರಲಿಲ್ಲ. ಇಂಜಿನಿಯರಿಂಗ್ ಓದಿರಲಿಲ್ಲ. ಅವರು ಕೈಯಾರೆ ಕಲಿತ ಮೊದಲ ಕಸುಬು ಸ್ಟೀಲಿಗೆ ಪೂರ್ತಿ ವಿರುದ್ಧವಾದದ್ದು: ಜಪಾನಿ ಲ್ಯಾಕರ್.

ಲ್ಯಾಕರ್ ಎಂದರೆ ನಮಗೆ ಚನ್ನಪಟ್ಟಣದ ಗೊಂಬೆಗಳ ಅರಗು ನೆನಪಾಗುತ್ತದೆ. ಇದು ಅದಲ್ಲ. ಚನ್ನಪಟ್ಟಣದ ಅರಗು ಕೀಟಗಳಿಂದ ಬರುವುದು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಹಿಡಿಯುತ್ತದೆ, ನಿಮಿಷಗಳ ಕೆಲಸ. ಜಪಾನಿನ ಉರುಷಿ ಒಂದು ಮರದ ಸೊನೆ. ಆ ಮರ ನಮ್ಮ ಮಾವು, ಗೇರುಗಳ ಕುಟುಂಬಕ್ಕೇ ಸೇರಿದ್ದು. ಮಾವಿನಕಾಯಿ ಕೀಳುವಾಗ ಸೊನೆ ತಾಗಿ ಚರ್ಮ ಸುಟ್ಟವರಿಗೆ, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಬೆರಳು ಬೊಬ್ಬೆ ಬಂದ ಕರಾವಳಿಯವರಿಗೆ ಉರುಷಿಯ ಗುಣ ಬೇರೆ ಹೇಳಬೇಕಿಲ್ಲ. ಅದೇ ಜಾತಿಯ ಸುಡುವ ರಸ. ಗ್ರೇ ಅವರ ಕೈಗಳಿಗೂ ಅದರಿಂದ ಚರ್ಮರೋಗ ಬಂತು. ಕೆಲಸ ಬಿಡಲಿಲ್ಲ.

ಉರುಷಿಯ ಇನ್ನೊಂದು ವಿಚಿತ್ರವೆಂದರೆ ಅದು ಬಿಸಿಲಿಗೆ ಒಣಗುವುದಿಲ್ಲ. ತೇವವಿರುವ ಗಾಳಿಯಲ್ಲಿ, ಸೊನೆಯಲ್ಲಿರುವ ಒಂದು ಕಿಣ್ವ ಆಮ್ಲಜನಕದ ಸಹಾಯದಿಂದ ಅದನ್ನು ಗಟ್ಟಿಗೊಳಿಸುತ್ತದೆ. ಆದ್ದರಿಂದ ಕುಶಲಕರ್ಮಿ ತೇವದ ಕೋಣೆ ಮಾಡಿಕೊಳ್ಳಬೇಕು. ಗ್ರೇ ತಮ್ಮ ಬಚ್ಚಲುಮನೆಯನ್ನೇ ಅದಕ್ಕೆ ಬಳಸಿದರು. ಒಂದು ತೆಳು ಪದರ ಬಳಿಯಬೇಕು, ದಿನಗಟ್ಟಲೆ ಕಾಯಬೇಕು, ಉಜ್ಜಿ ನುಣುಪು ಮಾಡಬೇಕು, ಮತ್ತೆ ಬಳಿಯಬೇಕು. ಇಪ್ಪತ್ತು, ಮೂವತ್ತು ಪದರಗಳಾದ ಮೇಲೆ ಆಳವಾದ ಬಾವಿಯ ನೀರಿನಂಥ ಹೊಳಪು ಬರುತ್ತದೆ. ಸೊನೆಗೆ ಕಂದು ಛಾಯೆ ಇರುವುದರಿಂದ ಶುದ್ಧ ನೀಲಿ ಬಣ್ಣ ತರುವುದು ಕಷ್ಟ. ಗ್ರೇ ಅದನ್ನೂ ಸಾಧಿಸಿದರು. ಇದನ್ನೆಲ್ಲ ಅವರಿಗೆ ಕಲಿಸಿದವರು ಪ್ಯಾರಿಸಿನಲ್ಲಿದ್ದ ಸೀಜೊ ಸುಗವಾರಾ ಎಂಬ ಜಪಾನಿ ಕುಶಲಕರ್ಮಿ. ಇಬ್ಬರೂ ಬಹಳ ವರ್ಷ ಜೊತೆಗೆ ದುಡಿದರು. 1913ರಲ್ಲಿ ಗ್ರೇ ತಮ್ಮ ಲ್ಯಾಕರ್ ಫಲಕಗಳನ್ನು ಪ್ಯಾರಿಸಿನ ಅಲಂಕಾರ ಕಲಾವಿದರ ಪ್ರದರ್ಶನದಲ್ಲಿಟ್ಟರು. ಫ್ಯಾಷನ್ ಲೋಕದ ದೊಡ್ಡ ಹೆಸರಾಗಿದ್ದ ಜಾಕ್ ದೂಸೆ ಅವರ ಕೆಲಸ ಮೆಚ್ಚಿ, ಕೆಂಪು ಲ್ಯಾಕರಿನ ನಾಲ್ಕು ಮಡಿಕೆಯ ಪರದೆಯೊಂದನ್ನು ಕೊಂಡರು. ಅದರ ಹೆಸರು "ಲ ದೆಸ್ತಾಂ", ಅಂದರೆ ವಿಧಿ.

ಮಡಿಕೆ ಪರದೆ ಎಂಬ ಈ ವಸ್ತುವಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಗ್ರೇ ಅವರ ಎಲ್ಲ ಪೀಠೋಪಕರಣಗಳ ಬೀಗದ ಕೈ ಇಲ್ಲೇ ಇದೆ ಎಂಬುದು ನನ್ನ ನಂಬಿಕೆ. ಪರದೆ ಗೋಡೆಯಲ್ಲ, ಆದರೆ ಗೋಡೆಯ ಕೆಲಸ ಮಾಡುತ್ತದೆ. ಪೀಠೋಪಕರಣವೂ ಪೂರ್ತಿ ಅಲ್ಲ, ಅದರ ಮೇಲೆ ಕೂರಲಾಗದು, ಏನನ್ನೂ ಇಡಲಾಗದು. ಅದು ಕೋಣೆಯನ್ನು ಬೇಕಾದಾಗ ಎರಡು ಮಾಡುತ್ತದೆ, ಬೇಡವಾದಾಗ ಒಂದು ಮಾಡುತ್ತದೆ. ಮೊದಲ ಮಹಾಯುದ್ಧದ ನಂತರ ಪ್ಯಾರಿಸಿನ ಲೋಟಾ ಬೀದಿಯಲ್ಲಿ, ಟೋಪಿ ವ್ಯಾಪಾರದಲ್ಲಿ ಹೆಸರಾಗಿದ್ದ ಮದಾಮ್ ಮಾಥ್ಯೂ-ಲೆವಿ ಅವರ ಮನೆಯ ಒಳಾಂಗಣವನ್ನು ಗ್ರೇ ವಿನ್ಯಾಸ ಮಾಡಿದರು. ಅಲ್ಲಿನ ಉದ್ದ ಹಜಾರದ ಗೋಡೆಗೆ 450 ಪುಟ್ಟ ಲ್ಯಾಕರ್ ಫಲಕಗಳನ್ನು ಇಟ್ಟಿಗೆಯ ಹಾಗೆ ಜೋಡಿಸಿದರು. ಹಜಾರದ ಮಧ್ಯಕ್ಕೆ ಬರುವಷ್ಟರಲ್ಲಿ ಆ ಫಲಕಗಳು ಗೋಡೆಯಿಂದ ಬಿಡಿಸಿಕೊಂಡು ಒಳಕ್ಕೆ ತಿರುಗಿ ನಿಂತವು. ಗೋಡೆಯೇ ಎದ್ದು ಪರದೆಯಾದ ಹಾಗೆ. ಮುಂದೆ ಅದೇ ಫಲಕಗಳನ್ನು ಲೋಹದ ಸಲಾಕೆಗಳಿಗೆ ಪೋಣಿಸಿ ಬಿಡಿ ಪರದೆಗಳನ್ನು ಮಾಡಿದರು. ಪ್ರತಿ ಇಟ್ಟಿಗೆಯೂ ತನ್ನ ಸಲಾಕೆಯ ಮೇಲೆ ತಿರುಗುತ್ತದೆ. ಸಂದಿನಿಂದ ಬೆಳಕು ಬರುತ್ತದೆ, ಆಚೆ ಕೂತವರ ನೆರಳು ಕಾಣುತ್ತದೆ, ಮುಖ ಕಾಣುವುದಿಲ್ಲ.

ಸರಿಯುವುದು, ತಿರುಗುವುದು, ಮಡಿಚಿಕೊಳ್ಳುವುದು, ಎತ್ತರ ತಗ್ಗುವುದು. ಗ್ರೇ ಮುಂದೆ ಮಾಡಿದ ಕುರ್ಚಿ, ಮೇಜು, ಕಪಾಟು, ಕನ್ನಡಿ, ಕಿಟಕಿ ಎಲ್ಲವುಗಳಲ್ಲೂ ಪರದೆಯ ಈ ಗುಣಗಳೇ ಬೇರೆ ಬೇರೆ ರೂಪದಲ್ಲಿ ಬರುತ್ತವೆ.

1922ರಲ್ಲಿ ಅವರು ಪ್ಯಾರಿಸಿನ ಫೋಬೋರ್ ಸೇಂಟ್ ಆನರೆ ಬೀದಿಯಲ್ಲಿ ಅಂಗಡಿ ತೆರೆದರು. ಹೆಸರು "ಜಾಂ ದೆಸೇರ್". ಜಾಂ ದೆಸೇರ್ ಎಂಬ ಮನುಷ್ಯ ಯಾರೂ ಇರಲಿಲ್ಲ. ಹೆಂಗಸಿನ ಹೆಸರಿನ ಫರ್ನಿಚರ್ ಅಂಗಡಿಗೆ ಆ ಕಾಲದ ಪ್ಯಾರಿಸಿನಲ್ಲಿ ಎಷ್ಟು ಗಿರಾಕಿ ಬರುತ್ತಿದ್ದರೋ ಎಂಬ ಪ್ರಶ್ನೆ ಆ ಗಂಡು ಹೆಸರಿನಲ್ಲೇ ಅಡಗಿದೆ. ಅಲ್ಲಿ ಪೀಠೋಪಕರಣಕ್ಕಿಂತ ನೆಲಹಾಸುಗಳೇ ಹೆಚ್ಚು ಮಾರಾಟವಾದವು. 1930ರಲ್ಲಿ ಅಂಗಡಿ ಮುಚ್ಚಿತು. ನಡುವೆ 1923ರ ಪ್ರದರ್ಶನವೊಂದಕ್ಕೆ ಅವರು ಮಾಡಿದ ಕೋಣೆಯನ್ನು ಫ್ರೆಂಚ್ ಪತ್ರಿಕೆಗಳು ಹೀಗಳೆದವು. ಹಾಲೆಂಡಿನ ವಾಸ್ತುಶಿಲ್ಪಿಗಳು ಮಾತ್ರ ಮನಸಾರೆ ಮೆಚ್ಚಿದರು. ಮರುವರ್ಷ ಅಲ್ಲಿನ ಪತ್ರಿಕೆಯೊಂದು ಅವರ ಮೇಲೆ ವಿಶೇಷ ಸಂಚಿಕೆಯನ್ನೇ ತಂದಿತು.

ಅದೇ ಹೊತ್ತಿಗೆ ಯುರೋಪಿನಲ್ಲಿ ಹೊಸ ಗಾಳಿ ಬೀಸುತ್ತಿತ್ತು. 1923ರಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಮನೆಯನ್ನು "ವಾಸಿಸುವ ಯಂತ್ರ" ಎಂದು ಕರೆದರು. ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಮಾರ್ಸೆಲ್ ಬ್ರಾಯರ್ ಸೈಕಲ್ ಹ್ಯಾಂಡಲ್ ನೋಡಿ 1925ರ ಸುಮಾರಿಗೆ ಸ್ಟೀಲ್ ಪೈಪಿನ ಕುರ್ಚಿ ಮಾಡಿದರು. ಪೈಪೇ ಯಾಕೆ? ಒಂದೇ ತೂಕದ ಸ್ಟೀಲನ್ನು ಗಟ್ಟಿ ಸರಳಾಗಿ ಎಳೆಯುವುದಕ್ಕಿಂತ ಒಳಗೆ ಟೊಳ್ಳಾದ ಕೊಳವೆಯಾಗಿ ಮಾಡಿದರೆ ಬಾಗಿಸುವುದು ಹೆಚ್ಚು ಕಷ್ಟ. ಲೋಹ ನಡುಭಾಗದಿಂದ ದೂರ ಹೋದಷ್ಟೂ ಬಾಗುವಿಕೆಯನ್ನು ಚೆನ್ನಾಗಿ ತಡೆಯುತ್ತದೆ. ಬಿದಿರು ಟೊಳ್ಳಾಗಿದ್ದೂ ಗಟ್ಟಿಯಾಗಿರುವುದು ಇದೇ ಕಾರಣಕ್ಕೆ. ಹಗುರ, ಗಟ್ಟಿ, ತೊಳೆಯಲು ಸುಲಭ, ಕಾರ್ಖಾನೆಯಲ್ಲಿ ಸಾವಿರ ಸಾವಿರ ಮಾಡಬಹುದು. ಹೊಸ ವಿನ್ಯಾಸಕಾರರಿಗೆ ಸ್ಟೀಲ್ ಪೈಪೆಂದರೆ ಹೊಸ ಯುಗವೇ ಆಗಿತ್ತು.

ಗ್ರೇ ಕೂಡ ಸ್ಟೀಲ್ ಪೈಪು ಹಿಡಿದರು. ಅವರ ದಾರಿ ಬೇರೆಯಾದದ್ದು ಇನ್ನೊಂದು ಪ್ರಶ್ನೆಯಲ್ಲಿ. ಉಳಿದವರು ಮನುಷ್ಯನೆಂದರೆ ಒಂದು ಸರಾಸರಿ ಅಳತೆ ಎಂದುಕೊಂಡು ಎಲ್ಲರಿಗೂ ಒಗ್ಗುವ ಒಂದು ಕುರ್ಚಿ ಹುಡುಕುತ್ತಿದ್ದರು. ಗ್ರೇ ಒಬ್ಬರನ್ನು ನೋಡುತ್ತಿದ್ದರು. ಅವರು ಯಾವ ಪಕ್ಕಕ್ಕೆ ವಾಲಿ ಕೂರುತ್ತಾರೆ, ಓದುವಾಗ ಕೈ ಎಲ್ಲಿಡುತ್ತಾರೆ, ತಟ್ಟೆಯ ಸದ್ದು ಅವರಿಗೆ ಹಿಡಿಸುತ್ತದೆಯೇ. ಮನೆ ಯಂತ್ರವಲ್ಲ, ಅದು ಮನುಷ್ಯನ ಚಿಪ್ಪು, ಅವನದೇ ವಿಸ್ತರಣೆ ಎಂಬುದು ಅವರ ಮಾತು. ಬಸವನಹುಳುವಿನ ಚಿಪ್ಪು ಆ ಹುಳುವಿನ ಮೈಗೆ ತಕ್ಕಂತೆಯೇ ಬೆಳೆಯುತ್ತದಲ್ಲ, ಹಾಗೆ.

ಉದಾಹರಣೆಗೆ ಅವರ "ನಾನ್‌ಕನ್‌ಫಾರ್ಮಿಸ್ಟ್" ಕುರ್ಚಿ. ಅದಕ್ಕೆ ಒಂದೇ ಪಕ್ಕ ಕೈಯಾಸರೆ. ಇನ್ನೊಂದು ಪಕ್ಕ ಬಯಲು. ಮಾಡುವುದು ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಎರಡೂ ಕಡೆ ಕೈಯಾಸರೆ ಇರುವ ಕುರ್ಚಿ ನಮ್ಮನ್ನು ಪೆಟ್ಟಿಗೆಯಲ್ಲಿ ಕೂರಿಸಿದ ಹಾಗೆ ನೆಟ್ಟಗೆ ಕೂರಿಸುತ್ತದೆ. ಮಾತಿಗೆ ಕೂತವರು ಹಾಗೆ ಕೂರುವುದಿಲ್ಲ. ಪಕ್ಕದವರ ಕಡೆಗೆ ತಿರುಗುತ್ತೇವೆ, ಒಂದು ಕಾಲು ಮೇಲೆ ಎಳೆದುಕೊಳ್ಳುತ್ತೇವೆ, ಒಂದು ಕಡೆ ಭಾರ ಹಾಕಿ ವಾಲುತ್ತೇವೆ. ಜಗಲಿಕಟ್ಟೆಯಲ್ಲಿ ಕಂಬಕ್ಕೆ ಒಂದು ಭುಜ ಒರಗಿಸಿ ಕೂತವರನ್ನು ನೆನೆಸಿಕೊಂಡರೆ ಈ ಕುರ್ಚಿ ಸುಲಭವಾಗಿ ಅರ್ಥವಾಗುತ್ತದೆ. ಒಂದು ಕಡೆ ಆಸರೆ, ಇನ್ನೊಂದು ಕಡೆ ಬಿಡುವು.

ಕಡಲತೀರದ ಆ ಮನೆಯ ಹೆಸರು ಇ-1027, ಕಟ್ಟಿದ್ದು 1926ರಿಂದ 1929ರ ನಡುವೆ, ರೋಕ್‌ಬ್ರೂನ್-ಕಾಪ್-ಮಾರ್ತಾಂ ಎಂಬಲ್ಲಿ. ಹೆಸರು ಕಾರ್ಖಾನೆಯ ನಂಬರಿನಂತೆ ಕೇಳಿಸುತ್ತದೆ. ಬಿಡಿಸಿದರೆ ಇಬ್ಬರ ಹೆಸರು ತೋಳು ಹೆಣೆದುಕೊಂಡಿರುವುದು ಕಾಣುತ್ತದೆ. ಇ ಅಂದರೆ ಐಲೀನ್. 10 ಅಂದರೆ ಇಂಗ್ಲಿಷ್ ವರ್ಣಮಾಲೆಯ ಹತ್ತನೆಯ ಅಕ್ಷರ ಜೆ, ಎಂದರೆ ಜಾಂ. 2 ಅಂದರೆ ಬಿ, ಬಾದೋವಿಚಿ. 7 ಅಂದರೆ ಜಿ, ಗ್ರೇ. ಜಾಂ ಬಾದೋವಿಚಿ ರೊಮೇನಿಯಾ ಮೂಲದ ವಾಸ್ತುಶಿಲ್ಪಿ, ಪತ್ರಿಕಾ ಸಂಪಾದಕ, ಆ ಕಾಲದಲ್ಲಿ ಗ್ರೇ ಅವರ ಸಂಗಾತಿ. ಐಲೀನ್, ಗ್ರೇ ಎಂಬ ತಮ್ಮ ಎರಡು ಹೆಸರುಗಳ ಮೊದಲಕ್ಷರಗಳ ನಡುವೆ ಅವರನ್ನು ಕೂರಿಸಿದ್ದಾರೆ.

ಈ ಮನೆಯೊಳಗಿನ ಒಂದೊಂದು ವಸ್ತುವೂ ಒಂದೊಂದು ಗಮನಿಸುವಿಕೆ. ಊಟದ ಮೇಜಿನ ಮೇಲ್ಮೈಗೆ ಬೆಂಡಿನ ಹಾಸು, ತಟ್ಟೆ ಲೋಟ ಇಟ್ಟಾಗ ಸದ್ದಾಗಬಾರದೆಂದು. ಕನ್ನಡಿಗೆ ಪುಟ್ಟ ತೋಳಿನ ತುದಿಯಲ್ಲಿ ಇನ್ನೊಂದು ಚಿಕ್ಕ ಕನ್ನಡಿ, ಕತ್ತಿನ ಹಿಂಭಾಗ ನೋಡಿಕೊಳ್ಳಲೆಂದು. ಮುಡಿ ಸರಿ ಕೂತಿದೆಯೇ ಎಂದು ಕೈಕನ್ನಡಿ ಹಿಡಿದು ದೊಡ್ಡ ಕನ್ನಡಿಗೆ ಬೆನ್ನು ಮಾಡಿ ನಿಂತ ಹೆಂಗಸರಿಗೆಲ್ಲ ಆ ಎರಡನೆಯ ಕನ್ನಡಿ ಯಾಕಿದೆ ಎಂದು ತಕ್ಷಣ ಹೊಳೆಯುತ್ತದೆ. ಕಪಾಟಿನ ಡ್ರಾಯರುಗಳು ಮುಂದಕ್ಕೆ ಎಳೆಯುವಂಥವಲ್ಲ, ಒಂದು ಮೂಲೆಯ ಸಲಾಕೆಯ ಮೇಲೆ ಹೊರಕ್ಕೆ ತಿರುಗುವಂಥವು. ತಿರುಗಿದಾಗ ಹಿಂದಿನ ಮೂಲೆಯಲ್ಲಿರುವ ಸಾಮಾನೂ ಎದುರಿಗೆ ಬರುತ್ತದೆ, ತಡಕಾಡಬೇಕಿಲ್ಲ. ಹಾಸಿಗೆಗೆ ಬಣ್ಣದ ಬಟ್ಟೆ ಹಾಸಿದ್ದರು, ಮಡಿಸದೆ ಬಿಟ್ಟಿದ್ದರೂ ಕಣ್ಣಿಗೆ ಅಸ್ತವ್ಯಸ್ತವಾಗಿ ಕಾಣಬಾರದೆಂದು. ಗೋಡೆಯ ಮೇಲೆ ಅಲ್ಲಲ್ಲಿ ಅಚ್ಚಿನ ಅಕ್ಷರಗಳು: ಇಲ್ಲಿ ಟೋಪಿ, ಇಲ್ಲಿ ದಿಂಬು. ಬಾಗಿಲ ಬಳಿ "ನಿಧಾನವಾಗಿ ಬನ್ನಿ". ಪಕ್ಕದಲ್ಲೇ "ನಗಬಾರದು" ಎಂಬ ತುಂಟ ಆಜ್ಞೆ.

ಟ್ರಾನ್ಸಾಟ್ ಕುರ್ಚಿಯೂ ಇದೇ ಕಾಲದ್ದು. ಹೆಸರು ಅಟ್ಲಾಂಟಿಕ್ ದಾಟುವ ಹಡಗುಗಳಿಂದ ಬಂದದ್ದು. ಹಡಗಿನ ಡೆಕ್ ಮೇಲೆ ಕಾಲು ಚಾಚಿ ಮಲಗುವ ಮಡಿಕೆ ಕುರ್ಚಿಗಳನ್ನು ಫ್ರೆಂಚರು ಹಾಗೆ ಕರೆಯುತ್ತಿದ್ದರು. ಗ್ರೇ ಅದಕ್ಕೆ ಮರದ ನೇರ ಚೌಕಟ್ಟು ಕೊಟ್ಟು, ಕೀಲುಗಳಿಗೆ ಲೋಹದ ತುಂಡು ಹಾಕಿ, ಚರ್ಮದ ಆಸನವನ್ನು ಚೌಕಟ್ಟಿನ ನಡುವೆ ಜೋಲಿಯಂತೆ ತೂಗುಬಿಟ್ಟರು. ತಲೆಯಾಸರೆ ಬೇಕಾದ ಕೋನಕ್ಕೆ ತಿರುಗುತ್ತದೆ. 1930ರಲ್ಲಿ ಪೇಟೆಂಟ್ ಸಿಕ್ಕಿತು.

ಈ ಕುರ್ಚಿಗೆ ನಮ್ಮ ದೇಶದ ನಂಟೊಂದಿದೆ. ಇಂದೋರಿನ ಮಹಾರಾಜ ಎರಡನೆಯ ಯಶವಂತರಾವ್ ಹೋಳ್ಕರ್ 1930ರ ದಶಕದ ಆರಂಭದಲ್ಲಿ ಮಾಣಿಕ್ ಬಾಗ್ ಅರಮನೆಯನ್ನು ಜರ್ಮನ್ ವಾಸ್ತುಶಿಲ್ಪಿ ಎಕಾರ್ಟ್ ಮುಥೇಸಿಯಸ್ ಅವರಿಂದ ಕಟ್ಟಿಸಿದರು. ದೇಶದ ಬೇರೆ ಅರಮನೆಗಳಲ್ಲಿ ಕೆತ್ತನೆಯ ಸಿಂಹಾಸನ, ತೂಗುದೀಪ ತುಂಬಿದ್ದ ಕಾಲದಲ್ಲಿ ಇಪ್ಪತ್ತರ ಹರೆಯದ ಆ ರಾಜ ಯುರೋಪಿನ ಅತಿ ಹೊಸ ಪೀಠೋಪಕರಣಗಳನ್ನು ಹಡಗಿನಲ್ಲಿ ತರಿಸಿದರು. ಅವುಗಳಲ್ಲಿ ಗ್ರೇ ಅವರ ಟ್ರಾನ್ಸಾಟ್ ಕುರ್ಚಿಯೂ ಇತ್ತು. 1980ರಲ್ಲಿ ಆ ಸಂಗ್ರಹದ ಬಹುಭಾಗ ಮೊನಾಕೊದಲ್ಲಿ ಹರಾಜಾಗಿ ಹೋಯಿತು. ಅರಮನೆ ಈಗ ಕೇಂದ್ರ ತೆರಿಗೆ ಇಲಾಖೆಯ ಕಚೇರಿ. ಆ ಕುರ್ಚಿಗಳು ದೇಶದಲ್ಲೇ, ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದರೆ ನಮ್ಮ ವಿನ್ಯಾಸದ ವಿದ್ಯಾರ್ಥಿಗಳು ಬಸ್ಸು ಹತ್ತಿ ಹೋಗಿ ನೋಡಬಹುದಿತ್ತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಷ್ಟೆಲ್ಲ ಮಾಡಿದವರನ್ನು ಲೋಕ ನಲವತ್ತು ವರ್ಷ ಮರೆತೇಬಿಟ್ಟಿತ್ತು. ಯಾಕೆ ಎಂಬುದಕ್ಕೆ ಒಂದೇ ಕಾರಣವಿಲ್ಲ. ಅವರ ವಸ್ತುಗಳು ಕಾರ್ಖಾನೆಗೆ ಹೋಗಲೇ ಇಲ್ಲ. ಹೆಚ್ಚಿನವು ಒಂದೋ ಎರಡೋ ಪ್ರತಿ, ಸಿರಿವಂತರ ಮನೆಯೊಳಗೆ ಕೂತವು. ಅವರು ಯಾವ ಗುಂಪಿಗೂ ಸೇರಲಿಲ್ಲ, ಶಾಲೆ ಕಟ್ಟಲಿಲ್ಲ, ಶಿಷ್ಯರಿರಲಿಲ್ಲ. ತಮ್ಮ ಬಗ್ಗೆ ಮಾತಾಡಿಕೊಳ್ಳುವುದು ಅವರ ಜಾಯಮಾನವಲ್ಲ. ಎರಡನೆಯ ಮಹಾಯುದ್ಧದಲ್ಲಿ ಅವರ ಮನೆ, ನಕ್ಷೆ, ಸಾಮಾನುಗಳಲ್ಲಿ ಬಹಳಷ್ಟು ಹಾಳಾದವು.

ಇ-1027 ಮನೆಗಾದದ್ದು ಇನ್ನೂ ಕಹಿಯಾದ ಕಥೆ. ಬಾದೋವಿಚಿಯವರಿಂದ ಬೇರೆಯಾಗಿ ಗ್ರೇ ಆ ಮನೆ ಬಿಟ್ಟು, ಕಾಸ್ತೆಲಾರ್ ಎಂಬಲ್ಲಿ ತಮಗೆಂದೇ ಇನ್ನೊಂದು ಚಿಕ್ಕ ಮನೆ ಕಟ್ಟಿಕೊಂಡಿದ್ದರು. 1938ರಲ್ಲಿ ಲ ಕಾರ್ಬೂಸಿಯೇ ಇ-1027ರಲ್ಲಿ ಕೆಲವು ದಿನ ಉಳಿದು, ಮನೆಯನ್ನು ಮೆಚ್ಚಿ ಗ್ರೇ ಅವರಿಗೆ ಪತ್ರ ಬರೆದರು. ಅದೇ ವರ್ಷ ಮತ್ತು ಮರುವರ್ಷ, ಗ್ರೇ ಅವರ ಒಪ್ಪಿಗೆ ಕೇಳದೆ, ಆ ಮನೆಯ ಗೋಡೆಗಳ ಮೇಲೆ ದೊಡ್ಡ ದೊಡ್ಡ ಚಿತ್ರಗಳನ್ನು ಬರೆದರು. ಗ್ರೇ ಅದನ್ನು ವಿಧ್ವಂಸವೆಂದೇ ಕರೆದರು. ನಾನು ಅವರ ಪರ. ಬೆಳಕು ಯಾವ ಗಂಟೆಗೆ ಯಾವ ಗೋಡೆಗೆ ಬೀಳುತ್ತದೆಂದು ಲೆಕ್ಕ ಹಾಕಿ ಬಿಟ್ಟ ಖಾಲಿ ಗೋಡೆ ಖಾಲಿಯಲ್ಲ, ಅದೂ ಮಾಡಿದ ಕೆಲಸವೇ. ಮುಂದೆ ಬಹಳ ಕಾಲ ಆ ಮನೆಯನ್ನೇ ಲ ಕಾರ್ಬೂಸಿಯೇ ಅವರದ್ದೆಂದು ಜನ ತಪ್ಪು ತಿಳಿದರು. ಅವರೇ ಪಕ್ಕದಲ್ಲಿ ಮರದ ಪುಟ್ಟ ಗುಡಿಸಲು ಕಟ್ಟಿಕೊಂಡು ವರ್ಷ ವರ್ಷ ಬರುತ್ತಿದ್ದರು. 1965ರಲ್ಲಿ ಅಲ್ಲಿನ ಕಡಲಲ್ಲೇ ಈಜುತ್ತಾ ತೀರಿಕೊಂಡರು. ಮನೆ ಕೈಯಿಂದ ಕೈಗೆ ಹೋಗಿ ಪಾಳುಬಿದ್ದಿತು. 1999ರಲ್ಲಿ ಫ್ರಾನ್ಸಿನ ಕರಾವಳಿ ಸಂರಕ್ಷಣಾ ಸಂಸ್ಥೆ ಅದನ್ನು ಕೊಂಡಿತು. ಬಹಳ ವರ್ಷಗಳ ದುರಸ್ತಿಯ ನಂತರ ಈಗ ಸಾರ್ವಜನಿಕರು ಒಳಗೆ ಹೋಗಿ ನೋಡಬಹುದು. ಚಿತ್ರಗಳನ್ನೂ ಉಳಿಸಿಕೊಂಡಿದ್ದಾರೆ.

ಗ್ರೇ ಮತ್ತೆ ಕಣ್ಣಿಗೆ ಬಿದ್ದದ್ದು 90ನೇ ವಯಸ್ಸಿನ ಆಸುಪಾಸಿನಲ್ಲಿ. 1968ರಲ್ಲಿ ವಿಮರ್ಶಕ ಜೋಸೆಫ್ ರಿಕ್‌ವರ್ಟ್ ಇಟಲಿಯ "ದೋಮುಸ್" ಪತ್ರಿಕೆಯಲ್ಲಿ ಅವರ ಬಗ್ಗೆ ಬರೆದರು. 1972ರಲ್ಲಿ ದೂಸೆ ಸಂಗ್ರಹದ ಹರಾಜಿನಲ್ಲಿ "ಲ ದೆಸ್ತಾಂ" ಪರದೆ ದೊಡ್ಡ ಬೆಲೆಗೆ ಹೋಗಿ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದಾದ ಮೇಲೆ ಲಂಡನ್ನಿನ ಪೀಠೋಪಕರಣ ವ್ಯಾಪಾರಿ ಜೀವ್ ಆರಾಮ್ ಅವರ ಹತ್ತಿರ ಬಂದು, ಆ ವಿನ್ಯಾಸಗಳನ್ನು ಸರಿಯಾಗಿ ತಯಾರಿಸಲು ಅನುಮತಿ ಪಡೆದರು. ಗ್ರೇ ಸ್ವತಃ ಕೂತು ಮಾದರಿಗಳನ್ನು ತಿದ್ದಿದರು. ನಾವು ಇವತ್ತು ಅಂಗಡಿಯಲ್ಲಿ ನೋಡುವ ಗ್ರೇ ಮೇಜು ಹುಟ್ಟಿದ್ದು 1920ರ ದಶಕದಲ್ಲಾದರೂ ಸಾವಿರಾರು ಮನೆಗಳಿಗೆ ಹೋಗತೊಡಗಿದ್ದು 1970ರ ದಶಕದ ನಂತರ, ಎಂಬುದನ್ನು ಗಮನಿಸಬೇಕು.

ನಕಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಅನೇಕರು ಕೇಳುತ್ತಾರೆ. ಆನ್‌ಲೈನಿನಲ್ಲಿ ಹುಡುಕಿದರೆ ಇದೇ ಮೇಜು ಅಸಲಿಯ ಬೆಲೆಯ ಚಿಕ್ಕ ಭಾಗಕ್ಕೆ ಸಿಗುತ್ತದೆ. ಯುರೋಪಿನ ಒಕ್ಕೂಟದ ಕೃತಿಸ್ವಾಮ್ಯ ಕೃತಿ ರಚಿಸಿದವರ ಮರಣದ ನಂತರ 70 ವರ್ಷ, ಅಂದರೆ ಗ್ರೇ ಅವರ ವಿಷಯದಲ್ಲಿ 2046ರ ಕೊನೆಯವರೆಗೆ. ಬ್ರಿಟನ್ನಿನಲ್ಲಿ ಕಾರ್ಖಾನೆಯಲ್ಲಿ ತಯಾರಾದ ವಿನ್ಯಾಸಗಳಿಗೆ ಮೊದಲು 25 ವರ್ಷವಷ್ಟೇ ರಕ್ಷಣೆಯಿತ್ತು, 2016ರಲ್ಲಿ ಆ ಮಿತಿ ತೆಗೆದರು. ಭಾರತದಲ್ಲಿ ನೋಂದಾಯಿಸಿದ ವಿನ್ಯಾಸಕ್ಕೆ ಹತ್ತು ವರ್ಷ, ನವೀಕರಿಸಿದರೆ ಇನ್ನೈದು. ನೋಂದಾಯಿಸಬಹುದಾದರೂ ನೋಂದಾಯಿಸದ ವಿನ್ಯಾಸವನ್ನು ಕಾರ್ಖಾನೆಯಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಕೃತಿಸ್ವಾಮ್ಯ ಅಲ್ಲಿಗೆ ಮುಗಿಯುತ್ತದೆ. ಕಾನೂನು ದೇಶಕ್ಕೊಂದು ಥರ ಇರುವುದೇ ನಕಲು ಇಷ್ಟು ಹರಡಲು ಒಂದು ಕಾರಣ. ಅಗ್ಗದ ನಕಲಿನಲ್ಲಿ ಮೊದಲು ಕೈಕೊಡುವುದು ಆ ಪಿನ್ನಿನ ತೂತುಗಳು. ತೂತು ಸ್ವಲ್ಪ ಸಡಿಲವಾದರೂ ಗಾಜು ಅಲುಗಾಡುತ್ತದೆ, ಕಾಫಿ ತುಳುಕುತ್ತದೆ.

ಗ್ರೇ ಹೆಸರು ಹೇಳಿದರೆ ಈಗ ಹೆಚ್ಚು ಜನ ನೆನಪಿಸಿಕೊಳ್ಳುವುದು ಬೇರೊಂದು ಕುರ್ಚಿಯನ್ನು. ಮದಾಮ್ ಮಾಥ್ಯೂ-ಲೆವಿಗಾಗಿ 1917ರಿಂದ 1919ರ ನಡುವೆ ಮಾಡಿದ "ಡ್ರ್ಯಾಗನ್" ಆಸನ. ಲ್ಯಾಕರಿನ ಎರಡು ಹಾವಿನಂಥ ಜೀವಿಗಳು ಕೂರುವವರನ್ನು ತಬ್ಬಿಕೊಂಡಂತಿದೆ. 2009ರಲ್ಲಿ ಪ್ಯಾರಿಸಿನಲ್ಲಿ ಫ್ಯಾಷನ್ ವಿನ್ಯಾಸಕಾರ ಈವ್ ಸೇಂಟ್ ಲಾರೆಂಟ್ ಸಂಗ್ರಹದ ಹರಾಜಿನಲ್ಲಿ ಅದು 2.19 ಕೋಟಿ ಯೂರೋಗೆ ಹೋಯಿತು. ಅಂದಾಜಿಸಿದ್ದು 20ರಿಂದ 30 ಲಕ್ಷ ಮಾತ್ರ. ಇಪ್ಪತ್ತನೆಯ ಶತಮಾನದ ಪೀಠೋಪಕರಣಕ್ಕೆ ಆಗ ಅದು ದಾಖಲೆಯಾಗಿತ್ತು. ಆದರೆ ಆ ಬೆಲೆಯನ್ನು ಗ್ರೇ ವಿನ್ಯಾಸಗಳ ಆಕರ್ಷಣೆಗೆ ಪುರಾವೆಯಾಗಿ ಕೊಡುವುದನ್ನು ನಾನು ಒಪ್ಪುವುದಿಲ್ಲ. ಒಂದೇ ಪ್ರತಿ ಇರುವ ವಸ್ತುವಿಗೆ, ಹೆಸರಾಂತರ ಮನೆಯಲ್ಲಿದ್ದದ್ದಕ್ಕೆ, ಹರಾಜಿನ ಕಾವಿಗೆ ಬೆಲೆ ಏರುತ್ತದೆ. ಆ ಆಸನದ ಮೇಲೆ ಇನ್ನು ಯಾರೂ ಕೂರುವುದಿಲ್ಲ. ಗ್ರೇ ಮಾಡಿದ್ದೆಲ್ಲ ಕೂರಲು, ಒರಗಲು, ತಿನ್ನಲು.

ಅವರ ವಿನ್ಯಾಸಗಳು ಹಳೆಯದಾಗದ ಕಾರಣ, ನನಗೆ ತಿಳಿದ ಮಟ್ಟಿಗೆ, ಸ್ಟೀಲಿನ ಹೊಳಪಿನಲ್ಲಿಲ್ಲ. ಸ್ಟೀಲ್ ಪೈಪಿನ ಎಷ್ಟೋ ಕುರ್ಚಿಗಳು ಆ ದಶಕದ ಗುರುತಾಗಿ ಅಲ್ಲಿಯೇ ನಿಂತಿವೆ. ಆದರೆ ಹಾಸಿಗೆಯಲ್ಲಿ ಕೂತು ತಿನ್ನುವವರು ಈಗಲೂ ಇದ್ದಾರೆ, ಅವರ ತಟ್ಟೆ ಈಗಲೂ ಒಂದು ಮೊಳ ದೂರವಿದೆ. ಈಗ ಅಲ್ಲಿ ಲ್ಯಾಪ್‌ಟಾಪ್ ಬಂದಿದೆ ಅಷ್ಟೆ. ಬೆಂಗಳೂರಿನ ಒಂದು ಕೋಣೆಯ ಬಾಡಿಗೆ ಮನೆಗಳಲ್ಲಿ ಒಂದೇ ಮೇಜು ಊಟಕ್ಕೂ ಕೆಲಸಕ್ಕೂ ಆಗಬೇಕು, ಬೇಡದಾಗ ಮಂಚದಡಿ ಸೇರಬೇಕು. ಕಾಸ್ತೆಲಾರಿನ ತಮ್ಮ ಮನೆಗೆ ಗ್ರೇ ಮಾಡಿದ್ದೂ ಅಂಥವೇ: ಮಡಿಚಿ ಎತ್ತಿಡುವ ಎಸ್ ಆಕಾರದ ಕುರ್ಚಿ, ಹತ್ತುವ ಮೆಟ್ಟಿಲೂ ಟವೆಲ್ ಹಾಕುವ ಸಲಾಕೆಯೂ ಆಗುವ ಸ್ಟೂಲು. ಒಂದು ಮೈ, ಒಂದು ಅಭ್ಯಾಸ, ಒಂದು ಅಡಚಣೆ, ಇವುಗಳಿಂದ ಶುರುವಾದ ವಸ್ತು, ಆ ಅಡಚಣೆ ಇರುವವರೆಗೂ ಕೆಲಸಕ್ಕೆ ಬರುತ್ತದೆ.

ಅಮ್ಮ ಈಗ ಓಡಾಡುತ್ತಾರೆ. ಮೇಜು ಅವರ ಕೋಣೆಯಲ್ಲೇ ಇದೆ. ಗಾಜಿನ ಬದಲು ನಾವು ಹಾಕಿಸಿದ್ದು ಪ್ಲೈವುಡ್. ಪತ್ರಿಕೆ ಓದುವಾಗ ಪಿನ್ನು ಮೇಲಿನಿಂದ ಎರಡನೆಯ ತೂತಿನಲ್ಲಿರುತ್ತದೆ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಅಮ್ಮ ಪಿನ್ನನ್ನು ಎಲ್ಲಕ್ಕಿಂತ ಕೆಳಗಿನ ತೂತಿಗೆ ಇಳಿಸಿ, ಮೊರವನ್ನು ಅದರ ಮೇಲಿಟ್ಟು, ಮಂಚದ ಅಂಚಿನಲ್ಲಿ ಕೂತು ಕಾಳು ಬಿಡಿಸುತ್ತಾರೆ.